ಏರಿಯಲ್ ಯಾರ ಕಡೆಯವನು?

ಬ್ರಿಟನ್ನಿನ ಮೊಟ್ಟಮೊದಲ ಕೃತಕ ಉಪಗ್ರಹ ಯಾವುದು? ಬಂಧಿತನಿಗೆ ಬಾಯಿಮುಚ್ಚಿಕೊಂಡಿರುವ ಹಕ್ಕಿದೆ ಎಂಬುದನ್ನು ಪೊಲೀಸರು ಮೊದಲೇ ತಿಳಿಸಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 1966ರಲ್ಲಿ ತೀರ್ಪು ಕೊಟ್ಟದ್ದು ಯಾರ ಪ್ರಕರಣದಲ್ಲಿ? ಐಸ್ ಹಾಕಿಯಲ್ಲಿ ಚೆಂಡಿನ ಬದಲು ಹೊಡೆದು ಆಡುವ ಕರಿ ರಬ್ಬರ್ ಬಿಲ್ಲೆಯ ಹೆಸರೇನು? ಜರ್ಮನಿಯ ವೇಬರ್ ರಚಿಸಿ, 1826ರಲ್ಲಿ ಲಂಡನ್ನಿನಲ್ಲಿ ಮೊದಲ ಪ್ರದರ್ಶನ ಕಂಡ ಆಪೆರಾ ಯಾವುದು?

ಉತ್ತರಗಳು ಕ್ರಮವಾಗಿ ಏರಿಯಲ್, ಮಿರಾಂಡಾ, ಪಕ್, ಓಬೆರಾನ್. ಒಂದಕ್ಕೊಂದು ನಂಟಿಲ್ಲದಂತೆ ಕಾಣುವ ಇಂಥ ಉತ್ತರಗಳ ಹಿಂದೆ ಅಡಗಿರುವ ಎಳೆಯನ್ನು ಹಿಡಿಯಬೇಕಾದ ಸುತ್ತಿಗೆ ಕ್ವಿಜ್ ಮಂದಿ ‘ಕನೆಕ್ಟ್’ ಎನ್ನುತ್ತಾರೆ. ಇಲ್ಲಿನ ಎಳೆ ಹಿಡಿಯುವುದು ಕಷ್ಟವೇನಲ್ಲ. ನಾಲ್ಕೂ ಯುರೇನಸ್ ಗ್ರಹದ ಉಪಗ್ರಹಗಳು. ಅದರ ಬೆನ್ನಿಗೇ ಇನ್ನೊಂದು ಮಾತೂ ಬಂದೇ ಬರುತ್ತದೆ: ನಾಲ್ಕೂ ಷೇಕ್ಸ್‌ಪಿಯರ್ ಪಾತ್ರಗಳು. ಉಳಿದ ಗ್ರಹಗಳ ಚಂದ್ರರೆಲ್ಲ ಪುರಾಣಗಳಿಂದ ಹೆಸರು ಪಡೆದಿರುವಾಗ ಯುರೇನಸ್ ಮಾತ್ರ ನಾಟಕಶಾಲೆಗೆ ಹೋಯಿತು ಎಂದು ಎಷ್ಟೋ ಪುಸ್ತಕಗಳು ಬರೆಯುತ್ತವೆ.

ಈ ಎರಡನೆಯ ಮಾತಿನ ಬಗ್ಗೆ ನನಗೆ ಗುಮಾನಿ ಹುಟ್ಟಿದ್ದು ಅಂಬ್ರಿಯಲ್‌ನಿಂದ. ಅದೂ ಯುರೇನಸ್ಸಿನ ದೊಡ್ಡ ಚಂದ್ರಗಳಲ್ಲೊಂದು. ಷೇಕ್ಸ್‌ಪಿಯರನ ನಾಟಕಗಳ ಪಾತ್ರಪಟ್ಟಿಗಳನ್ನೆಲ್ಲ ಜಾಲಾಡಿದರೂ ಅಂಬ್ರಿಯಲ್ ಎಂಬವನು ಸಿಗುವುದಿಲ್ಲ. ಅವನಿರುವುದು ಅಲೆಗ್ಸಾಂಡರ್ ಪೋಪ್ ಬರೆದ ‘ದಿ ರೇಪ್ ಆಫ್ ದಿ ಲಾಕ್’ ಎಂಬ ಅಣಕು ಮಹಾಕಾವ್ಯದಲ್ಲಿ. ಲಾರ್ಡ್ ಪೀಟರ್ ಎಂಬ ಸಿರಿವಂತ ಅರಬೆಲಾ ಫರ್ಮರ್ ಎಂಬ ತರುಣಿಯ ಜಡೆಯ ಸುರುಳಿಯೊಂದನ್ನು ಕತ್ತರಿಸಿಕೊಂಡು ಹೋದ, ಎರಡು ಮನೆತನಗಳ ನಡುವೆ ಮಾತು ನಿಂತಿತು. ಈ ನಿಜ ಪ್ರಸಂಗವನ್ನು ಪೋಪ್ ಟ್ರಾಯ್ ಯುದ್ಧದ ಗತ್ತಿನಲ್ಲಿ ಹಾಡಿದ. 1712ರಲ್ಲಿ ಎರಡು ಸರ್ಗಗಳಿದ್ದ ಕಾವ್ಯ 1714ರಲ್ಲಿ ಐದು ಸರ್ಗಗಳಾಯಿತು. ಆ ಹಿಗ್ಗಿಸುವಿಕೆಯಲ್ಲಿ ಬಂದು ಸೇರಿದ್ದೇ ಗಾಳಿಯಲ್ಲಿ ಹಾರಾಡುವ ಯಕ್ಷರ ಪರಿವಾರ. ನಾಯಕಿ ಬೆಲಿಂಡಾಳನ್ನು ಕಾಯುವ ಪಡೆಗೆ ಒಬ್ಬ ಒಡೆಯನಿದ್ದಾನೆ. ಅವನ ಹೆಸರು ಏರಿಯಲ್.

ಹಾಗಾದರೆ ಆಕಾಶದಲ್ಲಿರುವ ಏರಿಯಲ್ ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದವನೋ, ಪೋಪನ ಕಾವ್ಯದವನೋ? ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಹೆಸರಿಟ್ಟ ಕಾಲದ ಕಾಗದಗಳಲ್ಲಿ. ಹಳೆಯ ಖಗೋಳ ಪತ್ರಿಕೆಗಳನ್ನು ಈಗ ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಟ್ಟಿರುವುದರಿಂದ ಬೆಂಗಳೂರಿನಲ್ಲೇ ಕುಳಿತು ಕೆದಕಬಹುದು.

ಯುರೇನಸ್ಸನ್ನು ವಿಲಿಯಂ ಹರ್ಷೆಲ್ ಬಾತ್ ಪಟ್ಟಣದ ತಮ್ಮ ಮನೆಯಿಂದ ಕಂಡದ್ದು 1781ರ ಮಾರ್ಚ್ 13ರಂದು. 1787ರ ಜನವರಿ 11ರಂದು ಅದರ ಎರಡು ಚಂದ್ರಗಳನ್ನೂ ಕಂಡರು. ಆಮೇಲೆ ಇನ್ನೂ ನಾಲ್ಕನ್ನು ಕಂಡೆ ಎಂದರು. ಈ ನಾಲ್ಕು ಯಾರ ಕಣ್ಣಿಗೂ ಬೀಳಲಿಲ್ಲ, ಆದರೂ ಹಿರಿಯರ ಮಾತೆಂದು ‘ಯುರೇನಸ್ಸಿಗೆ ಆರು ಚಂದ್ರರು’ ಎಂಬ ಸಾಲು ಪುಸ್ತಕಗಳಲ್ಲಿ ಅರ್ಧ ಶತಮಾನ ಉಳಿಯಿತು. ಅದನ್ನು ಅಳಿಸಿದವರು ಲಿವರ್‌ಪೂಲಿನ ವಿಲಿಯಂ ಲಾಸೆಲ್. ವೃತ್ತಿಯಲ್ಲಿ ಬಿಯರ್ ತಯಾರಕ. ಆ ದುಡ್ಡಿನಲ್ಲಿ 24 ಅಂಗುಲದ ದೂರದರ್ಶಕ ಕಟ್ಟಿಕೊಂಡು, ನೆಪ್ಚೂನ್ ಪತ್ತೆಯಾದ 17 ದಿನಕ್ಕೆ ಅದರ ಚಂದ್ರ ಟ್ರೈಟನ್ನನ್ನು ಹಿಡಿದ ಮನುಷ್ಯ. 1851ರ ಅಕ್ಟೋಬರ್ 24ರಂದು ಅವರು ಯುರೇನಸ್ಸಿನ ತೀರ ಹತ್ತಿರ ಎರಡು ಹೊಸ ಚಂದ್ರಗಳನ್ನು ಕಂಡರು. ಹಳೆಯವೆರಡು, ಹೊಸವೆರಡು, ಒಟ್ಟು ನಾಲ್ಕು. ಅಷ್ಟು ವರ್ಷ ಹಳೆಯವಕ್ಕೂ ಹೆಸರಿರಲಿಲ್ಲ, ಅಂಕಿಗಳಿದ್ದವು.

ನಾಲ್ಕರ ಹೆಸರೂ ಒಟ್ಟಿಗೆ ಕಾಣಿಸಿಕೊಳ್ಳುವುದು 1852ರಲ್ಲಿ, ಲಾಸೆಲ್ ‘ಆಸ್ಟ್ರೋನೋಮಿಷೆ ನಾಖ್ರಿಖ್ಟೆನ್’ ಎಂಬ ಜರ್ಮನ್ ಪತ್ರಿಕೆಗೆ ಕಳಿಸಿದ ವರದಿಯಲ್ಲಿ. ಹೆಸರಿನ ವಿಷಯದಲ್ಲಿ ಅವರು ಮೊರೆಹೋದದ್ದು ವಿಲಿಯಂ ಹರ್ಷೆಲ್ಲರ ಮಗ ಸರ್ ಜಾನ್ ಹರ್ಷೆಲ್ಲರಿಗೆ. ಹೆಸರುಗಳನ್ನು ಹರ್ಷೆಲ್ಲರೇ ಹೊಳೆಯಿಸಿಕೊಂಡರೋ, ಲಾಸೆಲ್ ಆರಿಸಿ ಅವರಿಂದ ಹೂಂ ಅನ್ನಿಸಿಕೊಂಡರೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ನನಗೆ ಹರ್ಷೆಲ್ಲರ ಕೈವಾಡವೇ ಕಾಣುತ್ತದೆ. ಶನಿಯ ಚಂದ್ರಗಳಿಗೆ ಟೈಟನ್, ರಿಯಾ, ಇಯಾಪೆಟಸ್ ಮುಂತಾದ ಹೆಸರಿನ ಏರ್ಪಾಡನ್ನು 1847ರಲ್ಲಿ ಮಾಡಿದವರು ಅವರೇ. ಗ್ರಹದ ದೇವತೆಗೆ ಒಪ್ಪುವ ಪರಿವಾರವನ್ನು ಹುಡುಕುವುದು ಅವರ ಕ್ರಮ. ಶನಿದೇವತೆ ಟೈಟನ್ ಕುಲದವನಾದ್ದರಿಂದ ಸುತ್ತಲೂ ಅವನ ಒಡಹುಟ್ಟಿದವರು. ಸಾಹಿತ್ಯವೂ ಅವರಿಗೆ ಹೊರಗಿನದಲ್ಲ. ಮುಂದೆ ಇಲಿಯಡ್ಡನ್ನೇ ಇಂಗ್ಲಿಷ್ ಪದ್ಯಕ್ಕೆ ತಂದು 1866ರಲ್ಲಿ ಪ್ರಕಟಿಸಿದವರು.

ಈ ಕ್ರಮವನ್ನು 1852ರ ಪಟ್ಟಿಗೆ ಹಚ್ಚಿ ನೋಡಿದರೆ ತೊಡಕು ಬಿಡಿಸಿಕೊಳ್ಳುತ್ತದೆ. ಓಬೆರಾನ್, ಟೈಟಾನಿಯಾ ಯಕ್ಷಲೋಕದ ರಾಜ ರಾಣಿ. ಏರಿಯಲ್, ಅಂಬ್ರಿಯಲ್ ಹಾರಾಡುವ ಚೇತನಗಳು, ಒಬ್ಬ ಕಾಯುವವನು, ಇನ್ನೊಬ್ಬ ಕೆಡಿಸುವವನು. ನಾಲ್ವರನ್ನೂ ಕಟ್ಟುವುದು ಅವರ ಜಾತಿ. ಬರೆದ ಕವಿ ಯಾರೆಂಬುದು ಹರ್ಷೆಲ್ಲರಿಗೆ ಮುಖ್ಯವಾಗಿರಲಿಕ್ಕಿಲ್ಲ. ಯುರೇನಸ್ ಎಂದರೆ ಗ್ರೀಕರ ಆಕಾಶದೇವ. ಆಕಾಶದೇವನಿಗೆ ಗಾಳಿಯಲ್ಲಿ ಓಡಾಡುವ ಪರಿವಾರ. ಅಂಬ್ರಿಯಲ್ ಪಕ್ಕದಲ್ಲಿ ನಿಂತ ಏರಿಯಲ್ ಪೋಪನ ಏರಿಯಲ್ಲೇ ಆಗಿರಬೇಕು.

ಇದಕ್ಕೆ ಬೆಂಬಲವಾಗಿ ಇನ್ನೊಂದು ದಾಖಲೆಯಿದೆ, ಖಗೋಳದವರು ಅಷ್ಟಾಗಿ ಗಮನಿಸದ್ದು. ವಿಲಿಯಂ ಹರ್ಷೆಲ್ ತಮ್ಮ ಗ್ರಹಕ್ಕೆ ಮೂರನೆಯ ಜಾರ್ಜ್ ದೊರೆಯ ಹೆಸರಿಟ್ಟಿದ್ದರು. ಯುರೋಪೆಲ್ಲ ಯುರೇನಸ್ ಎಂದರೂ ಬ್ರಿಟನ್ನಿನ ನಾಟಿಕಲ್ ಆಲ್ಮನಾಕ್, ಅಂದರೆ ನಾವಿಕರ ಅಧಿಕೃತ ಪಂಚಾಂಗ, ದೊರೆಯನ್ನೇ ಹಿಡಿದುಕೊಂಡಿತ್ತು. ಪಂಚಾಂಗ ಯುರೇನಸ್‌ಗೆ ಬದಲಾದದ್ದು 1850ರಲ್ಲಿ. ಜಾರ್ಜ್ ದೊರೆಯ ಸುತ್ತ ಯಕ್ಷರು ಹಾರಾಡುವುದು ಅಸಂಬದ್ಧ. ಆಕಾಶದೇವನ ಸುತ್ತ ಹಾರಾಡಬಹುದು. ಚಂದ್ರಗಳಿಗೆ ಹೆಸರು ಬಂದದ್ದು ಆ ಬದಲಾವಣೆಯಾದ ಎರಡೇ ವರ್ಷಕ್ಕೆ ಎಂಬುದು ನನಗೆ ಆಕಸ್ಮಿಕವೆನಿಸುವುದಿಲ್ಲ.

  

ಹಾಗಿದ್ದರೆ ಷೇಕ್ಸ್‌ಪಿಯರ್ ಇಡೀ ಮನೆಯನ್ನು ಆಕ್ರಮಿಸಿಕೊಂಡದ್ದು ಯಾವಾಗ? 1948ರ ಫೆಬ್ರುವರಿ 16ರಂದು. ಟೆಕ್ಸಾಸಿನ ಮೆಕ್‌ಡೊನಾಲ್ಡ್ ವೀಕ್ಷಣಾಲಯದಲ್ಲಿ ಜೆರಾರ್ಡ್ ಕೈಪರ್ ಐದನೆಯ ಚಂದ್ರವನ್ನು ಕಂಡು ಮಿರಾಂಡಾ ಎಂದು ಹೆಸರಿಟ್ಟರು. ಮಿರಾಂಡಾ ಯಕ್ಷಿಣಿಯಲ್ಲ, ‘ಟೆಂಪೆಸ್ಟ್’ ನಾಟಕದ ದ್ವೀಪದಲ್ಲಿ ಬೆಳೆದ ಮನುಷ್ಯಳು. ಕುವೆಂಪು ಅವರ ‘ಬಿರುಗಾಳಿ’ ಓದಿದವರಿಗೆ ಆ ದ್ವೀಪ ಗೊತ್ತು. ಏರಿಯಲ್ ಆ ದ್ವೀಪದವನೇ ಎಂದು ತೆಗೆದುಕೊಂಡರೆ ಮಾತ್ರ ಅವನ ಪಕ್ಕ ಮಿರಾಂಡಾ ಸಲ್ಲುತ್ತಾಳೆ. ಹೀಗೆ ಒಂದು ಹೆಸರಿನಿಂದ ಏರಿಯಲ್ ಪಕ್ಷಾಂತರ ಮಾಡಿದ, ಹರ್ಷೆಲ್ಲರ ಸೂತ್ರ ಮುರಿಯಿತು, ಮುಂದಿನವರೆಲ್ಲ ಷೇಕ್ಸ್‌ಪಿಯರನ ಸಂಪುಟಗಳನ್ನು ತೆರೆದರು.

ಆ ಪಟ್ಟಿಗೆ ಬೆಂಗಳೂರಿನ ಕಡೆಯಿಂದಲೂ ಒಂದು ಹೆಸರು ಸೇರುವುದರಲ್ಲಿತ್ತು. 1977ರ ಮಾರ್ಚ್ 10ರಂದು ಯುರೇನಸ್ ಒಂದು ಮಂದ ತಾರೆಯ ಮುಂದೆ ಹಾದುಹೋಗುವುದಿತ್ತು. ಭಾರತೀಯ ಖಭೌತ ಸಂಸ್ಥೆಯ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ತಮಿಳುನಾಡಿನ ಕಾವಲೂರಿನಲ್ಲಿ ಒಂದು ಮೀಟರ್ ದೂರದರ್ಶಕದಿಂದ ನೋಡುತ್ತಿದ್ದಾಗ ತಾರೆಯ ಬೆಳಕು ಕೆಲವು ಸೆಕೆಂಡು ಕುಸಿಯಿತು. ಅವರು ‘ನೇಚರ್’ ಪತ್ರಿಕೆಯಲ್ಲಿ ಯುರೇನಸ್ಸಿನ ಹೊಸ ಉಪಗ್ರಹವೊಂದನ್ನು ವರದಿ ಮಾಡಿದರು. ಅದೇ ಘಟನೆಯನ್ನು ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿ ಕುಳಿತು ನೋಡಿದ ಜೇಮ್ಸ್ ಎಲಿಯಟ್ ತಂಡಕ್ಕೆ ಗ್ರಹದ ಆಚೆಗೊಮ್ಮೆ ಈಚೆಗೊಮ್ಮೆ ಸರಿಜೋಡಿಯಾಗಿ ಕುಸಿತಗಳು ಸಿಕ್ಕವು. ಚಂದ್ರವಾದರೆ ಹಾಗೆ ಜೋಡಿಯಾಗುವುದಿಲ್ಲ, ಉಂಗುರವಾದರೆ ಆಗುತ್ತದೆ. ಯುರೇನಸ್ಸಿಗೆ ಉಂಗುರಗಳಿವೆ ಎಂದು ಲೋಕಕ್ಕೆ ತಿಳಿದದ್ದು ಹೀಗೆ. ಆ ಹಾರುವ ವೀಕ್ಷಣಾಲಯದ ಹೆಸರು ಕೈಪರ್. ಮಿರಾಂಡಾಳಿಗೆ ಹೆಸರಿಟ್ಟ ಅದೇ ಕೈಪರ್.

1986ರ ಜನವರಿ 24ರಂದು ವಾಯೇಜರ್-2 ಯುರೇನಸ್ಸನ್ನು ಹಾದುಹೋಯಿತು. ಅದರ ಚಿತ್ರಗಳಲ್ಲಿ ಹತ್ತು ಪುಟ್ಟ ಚಂದ್ರಗಳು ಮೊದಲೇ ಸಿಕ್ಕವು, ಹನ್ನೊಂದನೆಯದು ಹದಿಮೂರು ವರ್ಷ ಆ ಚಿತ್ರಗಳಲ್ಲೇ ಅಡಗಿ ಕುಳಿತಿತ್ತು. ಜೂಲಿಯೆಟ್, ಡೆಸ್ಡಿಮೋನಾ, ಒಫೀಲಿಯಾ, ಕಾರ್ಡಿಲಿಯಾ ಬಂದರು. ಅವರ ನಡುವೆ ಪೋಪನ ಬೆಲಿಂಡಾಳನ್ನೂ ಯಾರೋ ನೆನಪಿಟ್ಟು ಸೇರಿಸಿದರು. 2003ರವರೆಗೆ ಪತ್ತೆಯಾದ 27 ಚಂದ್ರಗಳ ಹೆಸರನ್ನು ಗ್ರಂಥಕ್ಕೆ ತಾಳೆ ಹಾಕಿ ಎಣಿಸಿದೆ. ಷೇಕ್ಸ್‌ಪಿಯರಿಗೆ 24, ಪೋಪನಿಗೆ ಮೂರು. ಷೇಕ್ಸ್‌ಪಿಯರನ ಪಾಲಿನಲ್ಲಿ ಒಂಬತ್ತು ‘ಟೆಂಪೆಸ್ಟ್’ ಒಂದರಿಂದಲೇ ಬಂದವು, ರಂಗದ ಮೇಲೆ ಒಮ್ಮೆಯೂ ಕಾಲಿಡದ ಸಿಕೊರಾಕ್ಸ್, ಸೆಟೆಬಾಸ್ ಸೇರಿ.

ಹರ್ಷೆಲ್ಲರ ಸೂತ್ರ ಪೂರ್ತಿ ಸತ್ತಿಲ್ಲ ಎಂಬುದು ಗೊತ್ತಾದದ್ದು ಕುಳಿಗಳ ಪಟ್ಟಿ ನೋಡಿದಾಗ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಓಬೆರಾನ್ ಮೇಲಿನ ಕುಳಿಗಳಿಗೆ ಹ್ಯಾಮ್ಲೆಟ್, ಒಥೆಲೊ, ಫಾಲ್‌ಸ್ಟಾಫ್ ಎಂದು ಷೇಕ್ಸ್‌ಪಿಯರನ ಗಂಡಸರ ಹೆಸರಿಟ್ಟಿದೆ, ಟೈಟಾನಿಯಾಕ್ಕೆ ಅವನ ಹೆಂಗಸರದ್ದು. ಏರಿಯಲ್‌ಗೆ ಮಾತ್ರ ಲೋಕದ ಜನಪದ ಕತೆಗಳಿಂದ ಬೆಳಕಿನ, ಒಳ್ಳೆಯ ಚೇತನಗಳು. ಅಂಬ್ರಿಯಲ್‌ಗೆ ಕತ್ತಲೆಯ, ಕೆಡುಕಿನ ಚೇತನಗಳು. ಇದು ನಾಟಕದ ವಿಂಗಡಣೆಯಲ್ಲ, ಪೋಪನದು. ಸೋಜಿಗವೆಂದರೆ ಎರಡು ಚಂದ್ರಗಳೂ ಹಾಗೆಯೇ ಇವೆ. ಗಾತ್ರದಲ್ಲಿ ಅವಳಿಗಳಂತೆ, ವ್ಯಾಸ ಕ್ರಮವಾಗಿ 1,158 ಮತ್ತು 1,169 ಕಿ.ಮೀ. ಆದರೆ ಐದು ದೊಡ್ಡ ಚಂದ್ರಗಳಲ್ಲಿ ಏರಿಯಲ್ಲಿನ ಮೈ ಎಲ್ಲಕ್ಕಿಂತ ಬೆಳಗು, ಅಂಬ್ರಿಯಲ್ಲಿನದು ಎಲ್ಲಕ್ಕಿಂತ ಮಸುಕು. 1852ರಲ್ಲಿ ಇವುಗಳ ನೆಲ ಹೇಗಿದೆಯೆಂದು ತಿಳಿಯುವ ದಾರಿ ಯಾರಿಗೂ ಇರಲಿಲ್ಲ.

2025ರ ಫೆಬ್ರುವರಿಯಲ್ಲಿ ಜೇಮ್ಸ್ ವೆಬ್ ದೂರದರ್ಶಕ ಒಫೀಲಿಯಾ ಮತ್ತು ಬಿಯಾಂಕಾ ಹಾದಿಗಳ ನಡುವೆ ಸುಮಾರು 10 ಕಿ.ಮೀ. ಅಡ್ಡಳತೆಯ ಮತ್ತೊಂದು ಚಂದ್ರವನ್ನು ಕಂಡಿತು. ಸದ್ಯಕ್ಕೆ ಕೊಟ್ಟ ಗುರುತು ಎಸ್/2025 ಯು 1. ನಿಯಮದ ಪ್ರಕಾರ ಇದಕ್ಕೂ ಇಬ್ಬರು ಕವಿಗಳಲ್ಲಿ ಒಬ್ಬನಿಂದಲೇ ಹೆಸರು ಬರಬೇಕು. ಪೋಪನ ಕಾವ್ಯದಲ್ಲಿ ಏರಿಯಲ್ ತನ್ನ ಪಡೆಗೆ ಕೆಲಸ ಹಂಚುತ್ತಾನೆ: ಬೀಸಣಿಗೆ ಜೆಫಿರೆಟಾಳ ಪಾಲು, ಓಲೆ ಬ್ರಿಲಾಂಟೆಯದು, ಗಡಿಯಾರ ಮೊಮೆಂಟಿಲಾಳದು, ಜಡೆಯ ಸುರುಳಿ ಕ್ರಿಸ್ಪಿಸಾಳದು, ಬೆಲಿಂಡಾಳ ಮುದ್ದಿನ ನಾಯಿಯನ್ನು ಸ್ವತಃ ತಾನೇ ಕಾಯುತ್ತಾನೆ. ಈ ನಾಲ್ವರಿಗೂ ಇನ್ನೂ ಆಕಾಶದಲ್ಲಿ ಜಾಗ ಸಿಕ್ಕಿಲ್ಲ. ಕೇಳುವವರಿದ್ದರೆ ನನ್ನ ಮತ ಕ್ರಿಸ್ಪಿಸಾಳಿಗೆ.