ಸಂಘಕ್ಕೆ ಹೋದನೇ, ಸಂಘ ಸೇರಿದನೇ? ಮಸ್ಕಿ ಶಾಸನದ ‘ಉಪಗತೇ’

ಹಟ್ಟಿ, ಲಿಂಗಸುಗೂರು, ಮಸ್ಕಿಗಳದು ಚಿನ್ನದ ಸೀಮೆ. 1915ರ ಜನವರಿಯಲ್ಲಿ ಇಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಮಸ್ಕಿಯ ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರಗಳು ಬಿದ್ದವು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಶಾಸನವನ್ನು ಪ್ರಕಟಿಸಿದರು. ‘ದೇವಾನಂಪಿಯಸ ಅಸೋಕಸ’ ಎಂಬ ಮೊದಲ ಮಾತಿನಿಂದ, ಶಾಸನಗಳ ದೇವಾನಾಂಪ್ರಿಯನು ಅಶೋಕನೇ ಎಂಬುದು ಖಚಿತವಾಯಿತು. ಹೆಸರಿಗೆ ಸಿಕ್ಕ ಗಮನದಲ್ಲಿ ಅರೆಪಾಲೂ ಅದೇ ಬಂಡೆಯ ಕ್ರಿಯಾಪದಗಳಿಗೆ ಸಿಗಲಿಲ್ಲ.

ಉಪಾಸಕನಾಗಿ ಎರಡೂವರೆ ವರ್ಷ ಕಳೆಯಿತು, ಸಂಘಕ್ಕೆ ‘ಉಪಗತ’ನಾಗಿ ವರ್ಷದ ಮೇಲಾಯಿತು ಎನ್ನುತ್ತಾನೆ ಅರಸ. ಏನಿದರ ಅರ್ಥ? ಮಸ್ಕಿಯ ಪ್ರತಿ ಸಿಗುವ ಮೊದಲೇ, ಇದೇ ಶಾಸನದ ಬೇರೆ ಊರುಗಳ ಪ್ರತಿಗಳಿಂದ ಅಶೋಕ ಭಿಕ್ಷುವಾದನೆಂದು ವಿದ್ವಾಂಸ ಬ್ಯೂಲರ್ ತಿಳಿದಿದ್ದರು. ಭಿಕ್ಷುವೇಷದ ಅಶೋಕನ ಪ್ರತಿಮೆಯನ್ನು ಚೀನಾದ ಯಾತ್ರಿಕ ಇತ್ಸಿಂಗ್ ಉಲ್ಲೇಖಿಸಿರುವುದು ಆ ಪಕ್ಷಕ್ಕೆ ಬಲ ಕೊಟ್ಟಿತು. 1925ರಲ್ಲಿ ಅಶೋಕನ ಶಾಸನಗಳ ಸಂಪುಟ ತಂದ ಹುಲ್ಟ್ಷ್ ಮಾತ್ರ, ಸಂಘವನ್ನು ಸಂದರ್ಶಿಸಿದನೆಂದಷ್ಟೇ ಅನುವಾದಿಸಿದರು. ಕನ್ನಡದಲ್ಲೂ ಮಠಕ್ಕೆ ಹೋದವನು ಬೇರೆ, ಮಠ ಸೇರಿದವನು ಬೇರೆ.

ಇತರ ಪ್ರತಿಗಳು ಇಲ್ಲಿ ನೆರವಿಗೆ ಬರುತ್ತವೆ. ಇದೇ ಜಾಗದಲ್ಲಿ ರೂಪನಾಥದ ಪಾಠ ‘ಉಪೇತೇ’. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯದು ‘ಉಪಯೀತೇ’. ರೂಪ ಬೇರೆಯಾದರೂ ಎಲ್ಲದರಲ್ಲೂ ‘ಉಪ’ ಇದೆ, ಹೋಗುವುದೆಂಬ ಅರ್ಥದ ಧಾತು ಇದೆ. ಹತ್ತಿರ ಹೋಗುವುದು, ಆಶ್ರಯಿಸುವುದು ಇವುಗಳ ಮೂಲಾರ್ಥ. ಪಾಲಿಯಲ್ಲಿ ಮಳೆಗಾಲದ ವಾಸಕ್ಕೆ ತೊಡಗುವುದಕ್ಕೂ ‘ಉಪಗಚ್ಛತಿ’ ಎಂಬ ಬಳಕೆಯಿದೆ.

ದೀಕ್ಷೆಗೆ ಪಾಲಿಯಲ್ಲಿ ಬೇರೆಯೇ ಮಾತುಗಳಿವೆ: ಮನೆ ಬಿಟ್ಟು ಹೊರಡುವುದು ‘ಪಬ್ಬಜತಿ’, ಪೂರ್ಣ ಭಿಕ್ಷುವಾಗುವುದು ‘ಉಪಸಂಪಜ್ಜತಿ’. ಅರಸನೇ ಕಾವಿ ತೊಟ್ಟಿದ್ದರೆ, ಸಾರಿ ಹೇಳಬೇಕಾದ ಆ ಸಂಗತಿಗೆ ಇವೆರಡರಲ್ಲಿ ಒಂದಾದರೂ ಯಾವುದಾದರೊಂದು ಪ್ರತಿಯಲ್ಲಿ ಕಾಣಬೇಕಿತ್ತು. ಕಾಣುವುದಿಲ್ಲ. ಆದ್ದರಿಂದ ಇದು ಗೃಹಸ್ಥನಾಗಿಯೇ ಉಳಿದವನ ನಿಕಟ ಒಡನಾಟವೆಂದು ಓದುವುದೇ ಸರಿ.

ಮಸ್ಕಿಯ ವಿಶೇಷ ಇನ್ನೊಂದಿದೆ. ಶ್ರಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ ಎನ್ನುವಲ್ಲಿ ರೂಪನಾಥ, ಬ್ರಹ್ಮಗಿರಿಗಳು ‘ಪಾಪೋತವೇ’ ಎಂಬ, ಪ್ರಾಪ್ತಿಯ ಧಾತುವನ್ನು ಬಳಸುತ್ತವೆ. ಮಸ್ಕಿಯ ಪಾಠಕಾರ ‘ಅಧಿಗತವೇ’ ಎಂದು ಬರೆದ, ಮುಂದಿನ ಮಾತಿನಲ್ಲಿ ‘ಅಧಿಗಛೇಯಾ’ ಎಂದ. ಉಪಗತ, ಅಧಿಗತ ಎರಡಕ್ಕೂ ‘ಗಮ್’ ಧಾತುವೇ ಮೂಲ. ಈ ಪದಭೇದಕ್ಕೆ ದೂರ ಕಾರಣವೆನ್ನಲಾಗದು: ಬ್ರಹ್ಮಗಿರಿಯ ಆಜ್ಞೆ ಹೊರಟದ್ದು ಸುವರ್ಣಗಿರಿ ಎಂಬ ಊರಿನಿಂದ. ಆ ಊರನ್ನು ಕನಕಗಿರಿ, ಮಸ್ಕಿಗಳ ಪರಿಸರದಲ್ಲೇ ಗುರುತಿಸಿದ ವಿದ್ವಾಂಸರಿದ್ದಾರೆ. ಅಷ್ಟು ಸಮೀಪದ ಬಂಡೆಗೂ ಬ್ರಹ್ಮಗಿರಿಯ ಪಾಠ ಬರಲಿಲ್ಲ ಎಂದಾದರೆ, ಮಸ್ಕಿಯದು ಯಾಂತ್ರಿಕ ನಕಲಲ್ಲ, ಪದ ಆಯ್ದು ಬರೆದ ಬರಹ. ಧರ್ಮಕ್ಕೆ ತೊಡಗಿದ ‘ಖುದಕ’ನೂ, ಅಂದರೆ ಬಡಪಾಯಿಯೂ, ಆ ಫಲವನ್ನು ‘ಅಧಿಗಮಿಸ’ಬಲ್ಲನೆಂದು ಮಸ್ಕಿಯ ಪಾಠಕಾರ ಬರೆದ ಸಾಲು ಇವತ್ತಿಗೂ ಓದಲು ಸಿಗುತ್ತದೆ.