ಟಿಲ್ಡನ್ನನ ಲೇಖನಿ

1920ರಿಂದ 1925ರ ವರೆಗೆ ಅಮೆರಿಕದ ಟೆನಿಸ್ ಪಟ್ಟವನ್ನು ವಿಲಿಯಂ ಟಿಲ್ಡನ್ನನು ಯಾರಿಗೂ ಬಿಟ್ಟುಕೊಡಲಿಲ್ಲ. ಹವ್ಯಾಸಿಯಾದವನು ಆಟದಿಂದ ಹಣ ಗಳಿಸಕೂಡದೆಂಬುದು ಆ ಕಾಲದ ಕಟ್ಟಳೆ. ಆತನಾದರೋ ಪತ್ರಿಕೆಗಳಿಗೆ ಪಂದ್ಯಗಳ ವಿಷಯವನ್ನು ಬರೆದು ಸಂಭಾವನೆ ಪಡೆಯುತ್ತಿದ್ದನು. 1928ರಲ್ಲಿ ಡೇವಿಸ್ ಕಪ್ಪಿನ ಅಂತಿಮ ಸ್ಪರ್ಧೆಗೆ ಮುನ್ನ ಸ್ವದೇಶದ ಸಂಘವು ಇದೇ ಅಪರಾಧಕ್ಕಾಗಿ ಆತನನ್ನು ಹೊರಗಿಟ್ಟಿತು. ಫ್ರೆಂಚರು ಆ ಸ್ಪರ್ಧೆಗೆಂದೇ ಪ್ಯಾರಿಸ್ಸಿನಲ್ಲಿ ರೋಲಾಂ ಗಾರೋ ಕ್ರೀಡಾಂಗಣವನ್ನು ಕಟ್ಟಿದ್ದರು. ಟಿಲ್ಡನ್ನನಿಲ್ಲದೆ ಅದು ತುಂಬುವುದೆಂತು? ಅಲ್ಲಿದ್ದ ಅಮೆರಿಕದ ರಾಯಭಾರಿಯು ನಡುವೆ ಬರಲು ಸಂಘವು ಮಣಿಯಿತು. ಆಟಗಾರನು ಬರೆದು ಗಳಿಸಿದರೆ ದೋಷ. ಆತನ ಹೆಸರಿನಿಂದ ಟಿಕೆಟು ಮಾರಿದರೆ ದೋಷವಿಲ್ಲ! ಟಿಲ್ಡನ್ನನು ಲಾಕೋಸ್ತನನ್ನು ಸೋಲಿಸಿದನು. ಗೆಲವು ಮಾತ್ರ ಫ್ರಾನ್ಸಿನದಾಯಿತು. 1930ರಲ್ಲಿ, ತನ್ನ ಮೂವತ್ತೇಳನೆಯ ವಯಸ್ಸಿನಲ್ಲಿ, ಮೂರನೆಯ ಬಾರಿ ವಿಂಬಲ್ಡನ್ನನ್ನು ಗೆದ್ದು, ಆ ವರ್ಷಾಂತ್ಯದಲ್ಲಿ ವೃತ್ತಿ ಆಟಗಾರನಾದನು. ವಿಂಬಲ್ಡನ್ ಪಂದ್ಯಾವಳಿಯು ವೃತ್ತಿಯವರಿಗೆ ಬಾಗಿಲು ತೆರೆದುದು 1968ರಲ್ಲಿ. ಟಿಲ್ಡನ್ನನು 1953ರಲ್ಲಿಯೇ ತೀರಿಕೊಂಡಿದ್ದನು.