ಎಲೆಗೂ ಬಾಯಿದೆ, ಆದರೆ ಚಿಕ್ಕದು

ಮೆಕ್ಕೆಜೋಳ ಹಳದಿಯಾದರೆ ನಾವು ಮೊದಲು ಹುಡುಕುವುದು ಸ್ಪ್ರೇ ಪಂಪ್. ಎಲೆಗೆ ಗೊಬ್ಬರ ಕೊಡುವ ವಿದ್ಯೆ ಹೊಸದೇನಲ್ಲ. 1840ರ ದಶಕದಲ್ಲಿ ಫ್ರಾನ್ಸಿನ ಯೂಸೆಬ್ ಗ್ರಿ ಹಳದಿಯಾದ ಎಲೆಗಳಿಗೆ ಕಬ್ಬಿಣದ ಲವಣ ಕರಗಿಸಿದ ನೀರು ಹಚ್ಚಿದರು, ಹಸಿರು ಮರಳಿತು. 1950ರ ದಶಕದಲ್ಲಿ ಅಮೆರಿಕದ ಮಿಚಿಗನ್‌ನಲ್ಲಿ ಟ್ಯೂಕಿ ಮತ್ತು ವಿಟ್ವರ್ ವಿಕಿರಣ ಸೂಸುವ ಪೋಷಕಾಂಶಗಳನ್ನು ಎಲೆಗೆ ಹಚ್ಚಿ, ಅವು ಗಿಡದೊಳಗೆ ಸಾಗುವುದನ್ನು ಪತ್ತೆಹಚ್ಚಿದರು. ಎಲೆಯೂ ಉಣ್ಣುತ್ತದೆ ಎಂಬುದು ಖಚಿತವಾಯಿತು.

ಎಷ್ಟು ಉಣ್ಣುತ್ತದೆ? ಗ್ರಿ ಕೊಟ್ಟದ್ದು ಕಬ್ಬಿಣ, ಗಿಡಕ್ಕೆ ಚಿಟಿಕೆಯಷ್ಟು ಸಾಕು. ಸಾರಜನಕದ ಲೆಕ್ಕ ಬೇರೆ. ನೀರಾವರಿ ಮೆಕ್ಕೆಜೋಳಕ್ಕೆ ನಮ್ಮಲ್ಲಿ ಶಿಫಾರಸು ಹೆಕ್ಟೇರಿಗೆ 150 ಕಿಲೋ, ಎಕರೆಗೆ ಸುಮಾರು 60. ಶೇ. 2ರ ಯೂರಿಯಾ ನೀರು 200 ಲೀಟರ್ ಹೊಡೆದರೆ ಹೋಗುವುದು 4 ಕಿಲೋ ಯೂರಿಯಾ. ಅದರಲ್ಲಿ ಸಾರಜನಕ 2 ಕಿಲೋಗೂ ಕಡಿಮೆ.

ಆದ್ದರಿಂದ ಹಳದಿ ಎಲ್ಲಿದೆ ನೋಡೋಣ. ಎಳೆಯ ಎಲೆಯ ಬುಡದಲ್ಲಿ ಬಿಳಿ ಪಟ್ಟಿ ಬಂದರೆ ಸತುವಿನ ಕೊರತೆ, ಸಿಂಪಡಣೆ ಕೈಹಿಡಿಯುತ್ತದೆ. ಕೆಳಗಿನ ಹಳೆಯ ಎಲೆ ತುದಿಯಿಂದ ನಡುನರದುದ್ದಕ್ಕೂ ಹಳದಿಯಾದರೆ ಸಾರಜನಕದ ಹಸಿವು. ಅಲ್ಲಿ ಸ್ಪ್ರೇ ಬರೀ ತುತ್ತು. ಊಟ ಬೇರಿಗೇ ಬಡಿಸಬೇಕು.